ತಪ್ಪು ಉತ್ತರ ಒತ್ತಿ ನೋಡಿ: ಹಳೇ ಗಣಿತ ಸಾಫ್ಟ್‌ವೇರ್‌ಗಳ ಒಂದು ವಿಮರ್ಶೆ

ಪ್ರತಿ ಜೂನ್‌ನಲ್ಲಿ ಮಂಡ್ಯದ ಕಡೆ ಶಾಲೆಗಳಿಗೆ ಗಣಿತದ ಆಪ್ ಮಾರುವವರು ಬರುತ್ತಾರೆ. ಎಚ್‌ಎಂ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಸರಿ ಉತ್ತರ ಒತ್ತಿ ತೋರಿಸುತ್ತಾರೆ. ನಕ್ಷತ್ರ ಉದುರುತ್ತದೆ, ಚಪ್ಪಾಳೆ ಕೇಳಿಸುತ್ತದೆ, ಒಂದು ಆನೆಮರಿ ಕುಣಿಯುತ್ತದೆ. ನಾನು "ಈಗ ತಪ್ಪು ಒತ್ತಿ ಸಾರ್" ಅಂದರೆ ಅವರಿಗೆ ಸ್ವಲ್ಪ ಕಸಿವಿಸಿ. ಒತ್ತುತ್ತಾರೆ. ಕೆಂಪು ಇಂಟು ಮಾರ್ಕು, ಒಂದು ಬೇಸರದ ಶಬ್ದ, "ಮತ್ತೆ ಪ್ರಯತ್ನಿಸಿ". ಅಷ್ಟೇ. ಆಮೇಲೆ ರೇಟು ಹೇಳುತ್ತಾರೆ.

ಸರಿ ಉತ್ತರ ಬಂದ ಮಗುವಿಗೆ ಆ ಹೊತ್ತಿಗೆ ಯಾರೂ ಬೇಕಿಲ್ಲ. ಕುಣಿಯುವ ಆನೆಮರಿಯಂತೂ ಬೇಡವೇ ಬೇಡ. ತಪ್ಪು ಮಾಡಿದ ಮಗುವಿಗೆ ಮಾತ್ರ ಯಾರಾದರೂ ಪಕ್ಕದಲ್ಲಿ ಬೇಕು. ಹಾಗಾಗಿ ನನಗೆ ಗಣಿತದ ಯಾವ ಸಾಫ್ಟ್‌ವೇರ್ ಸಿಕ್ಕಿದರೂ ಮೊದಲು ಮಾಡುವ ಕೆಲಸ ಬೇಕಂತಲೇ ತಪ್ಪು ಒತ್ತುವುದು. ಈ ಸಲ ಬೇಸಿಗೆ ರಜೆಯಲ್ಲಿ ಮೈಸೂರಿನ ಮನೆಯಲ್ಲಿ ಕೂತು, ಇವತ್ತಿನವನ್ನೆಲ್ಲ ಬಿಟ್ಟು ಹಳೆಯವನ್ನು ಹಾಗೆ ನೋಡಿದೆ. ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದವರು 2015ರಿಂದ ಹಳೇ ಡಾಸ್ (ವಿಂಡೋಸ್‌ಗಿಂತ ಮೊದಲಿನ ಕಂಪ್ಯೂಟರ್ ವ್ಯವಸ್ಥೆ) ಆಟಗಳನ್ನು ಬ್ರೌಸರ್‌ನಲ್ಲೇ ಆಡುವ ಹಾಗೆ ಇಟ್ಟಿದ್ದಾರೆ, ಅದರಲ್ಲಿ ಶಾಲೆಯ ಸಾಫ್ಟ್‌ವೇರ್‌ಗಳೂ ಬೇಕಾದಷ್ಟಿವೆ. ಕೆಲವನ್ನು ನಾನು ಆಡಿದ್ದೇನೆ, ಅಕ್ಕನ ಮಗಳು ಆಡಿದ್ದಾಳೆ (ನಾಲ್ಕನೇ ಕ್ಲಾಸು, ನನ್ನನ್ನು ಚಿಕ್ಕಮ್ಮ ಅನ್ನುವುದಕ್ಕಿಂತ ಮಿಸ್ ಅಂತ ರೇಗಿಸುವುದೇ ಜಾಸ್ತಿ). ಇನ್ನು ಕೆಲವು ಈಗ ಆಡಲು ಸುಲಭವಾಗಿ ಸಿಗುವುದಿಲ್ಲ, ಅವುಗಳ ಬಗ್ಗೆ ಓದಿ ಬರೆಯುತ್ತಿದ್ದೇನೆ.

ಮೊದಲು ನಮ್ಮೂರಿನ ವಿಷಯ ಹೇಳಿಬಿಡುತ್ತೇನೆ. 2000ದ ಆಸುಪಾಸಿನಲ್ಲಿ ಗಣಿತದ ಸೀಡಿ ಅನ್ನುವುದು ಒಂದು ಹುಚ್ಚಾಗಿತ್ತು. ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಿಂದ ತಂದ ಒಂದು ಸೀಡಿ ನನಗೆ ಚೆನ್ನಾಗಿ ನೆನಪಿದೆ, ಕಂಪನಿ ಹೆಸರು ಬೇಡ. ಕಂಪ್ಯೂಟರ್ ರೂಮಿನ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಮಾನಿಟರ್‌ಗಳ ಮೇಲೆ ಹೂವಿನ ಬಟ್ಟೆಯ ಕವರು, ಒಂದು ಕಂಪ್ಯೂಟರ್ ಮುಂದೆ ಮೂರು ಮೂರು ಮಕ್ಕಳು. ಕರೆಂಟು ಹೋದರೆ ಯುಪಿಎಸ್ ಕೀ ಕೀ ಅನ್ನುತ್ತಿತ್ತು, ಹೋಗದ ದಿನ ಯಾವುದೂ ಇರಲಿಲ್ಲ ಅನ್ನಿ. ಆ ಸೀಡಿಯಲ್ಲಿ ಲೆಕ್ಕಕ್ಕೆ ನಾಲ್ಕು ಉತ್ತರ ಕೊಡುತ್ತಿದ್ದರು. ಸರಿ ಒತ್ತಿದರೆ ಒಂದು ಗಿಣಿ ತಲೆ ಆಡಿಸುತ್ತಿತ್ತು. ತಪ್ಪು ಒತ್ತಿದರೆ ಒಂದು ಕೋತಿ ಮರದಿಂದ ಧೊಪ್ಪಂತ ಬೀಳುತ್ತಿತ್ತು. ಈಗ ನೀವೇ ಹೇಳಿ, ಮೂರನೇ ಕ್ಲಾಸಿನ ಮಕ್ಕಳು ಯಾವುದನ್ನು ಒತ್ತುತ್ತಾರೆ? ಸರಿ ಉತ್ತರ ಗೊತ್ತಿದ್ದವರೂ ಕೋತಿ ಬೀಳಿಸುವುದಕ್ಕೆ ಸಾಲು ನಿಲ್ಲುತ್ತಿದ್ದರು. ಗೊತ್ತಿಲ್ಲದವರು ನಾಲ್ಕನ್ನೂ ಒಂದಾದ ಮೇಲೊಂದು ಒತ್ತಿ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದರು. ಪೀರಿಯಡ್ ಮುಗಿಯುವಾಗ ತೆರೆಯ ಮೇಲೆ ಎಲ್ಲರಿಗೂ "ಶಹಬ್ಬಾಸ್" ಬರುತ್ತಿತ್ತು.

ಈ ರೋಗ ಹೊಸದೇನೂ ಅಲ್ಲ. ಕಂಪ್ಯೂಟರ್‌ಗಿಂತ ಮೊದಲೇ ಇತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1953ರಲ್ಲಿ ಮಗಳ ನಾಲ್ಕನೇ ಕ್ಲಾಸಿನ ಗಣಿತದ ಪಾಠ ನೋಡಲು ಹೋದರಂತೆ. ಮಕ್ಕಳು ಲೆಕ್ಕ ಮಾಡಿ ಕೊಟ್ಟು, ಅದು ಸರಿಯೋ ತಪ್ಪೋ ಅಂತ ಗೊತ್ತಾಗುವುದಕ್ಕೆ ಕಾಯಬೇಕಿತ್ತು. ಅದು ಅವರಿಗೆ ಸರಿಕಾಣಲಿಲ್ಲ. ಮನೆಗೆ ಬಂದು ಕಲಿಸುವ ಪೆಟ್ಟಿಗೆ ಮಾಡುವುದಕ್ಕೆ ಹೊರಟರು. ಮಗು ಉತ್ತರ ಇಟ್ಟು ತಿರುಗಿಸಿದರೆ ಸರಿಯೋ ತಪ್ಪೋ ಆಗಲೇ ಗೊತ್ತಾಗಬೇಕು ಅನ್ನುವುದು ಅವರ ಲೆಕ್ಕಾಚಾರ. ಐವತ್ತು ಮಕ್ಕಳ ನೋಟ್‌ಬುಕ್ ಹೊತ್ತು ಮನೆಗೆ ಹೋಗುವ ನನಗೆ ಅವರ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಬೇಗ ಹೇಳಿದ ಮಾತ್ರಕ್ಕೆ ಏನು ಹೇಳಬೇಕು ಅನ್ನುವ ಪ್ರಶ್ನೆ ಮುಗಿಯುವುದಿಲ್ಲ, ಅಲ್ವಾ?

1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಸಪ್ಪಸ್ ಇದನ್ನೇ ನಿಜವಾದ ಕಂಪ್ಯೂಟರ್‌ಗೆ ತಂದರು. ಶಾಲೆಯಲ್ಲಿ ಒಂದು ಟೆಲಿಟೈಪ್, ಅಂದರೆ ಟೈಪ್‌ರೈಟರ್ ಥರದ ಯಂತ್ರ. ಅದರಿಂದ ಫೋನ್ ಲೈನಿನಲ್ಲಿ ದೂರದ ಕಂಪ್ಯೂಟರ್‌ಗೆ ಸಂಪರ್ಕ. ಮಗು ಹೆಸರು ಟೈಪ್ ಮಾಡಿದರೆ ಲೆಕ್ಕ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ತಪ್ಪಾದರೆ ಮತ್ತೆ ಮಾಡು, ತಡವಾದರೆ ಹೊತ್ತಾಯ್ತು, ಆಮೇಲೂ ಬರದಿದ್ದರೆ ಇಗೋ ಉತ್ತರ. ಇದರಲ್ಲಿ ಒಂದು ಒಳ್ಳೇ ಗುಣ ಇತ್ತು. ಮಗುವಿನ ಮಟ್ಟ ನೋಡಿ ನಾಳೆಯ ಲೆಕ್ಕ ಸುಲಭವೋ ಕಷ್ಟವೋ ಆಗುತ್ತಿತ್ತು. ಇವತ್ತಿನ ಆಪ್‌ಗಳು ಭಾರಿ ಹೊಸದು ಅಂತ ಡಂಗುರ ಹೊಡೆಯುವ ವಿಷಯ ಇದೇ. ಅರವತ್ತು ವರ್ಷ ಹಳೆಯದು ಸ್ವಾಮಿ.

ಇದೇ ಜಾತಿಯ ಪುಟ್ಟ ತಮ್ಮ ಲಿಟ್ಲ್ ಪ್ರೊಫೆಸರ್. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತಂದಿದ್ದು. ಮೀಸೆಯ ಮೇಷ್ಟ್ರ ಮುಖದ ಕ್ಯಾಲ್ಕ್ಯುಲೇಟರ್, ಕೆಲಸ ಮಾತ್ರ ತಲೆಕೆಳಗು: ಅದು ಲೆಕ್ಕ ಕೊಡುತ್ತದೆ, ನೀವು ಉತ್ತರ ಒತ್ತಬೇಕು. ತಪ್ಪಾದರೆ ಮೂರು "ಇ" ಅಕ್ಷರ ತೋರಿಸುತ್ತದೆ. ಮೂರು ಸಲ ತಪ್ಪಿದರೆ ಉತ್ತರ ಹೇಳುತ್ತದೆ. ಮಗ್ಗಿ ಗಟ್ಟಿ ಮಾಡುವುದಕ್ಕೆ ಸಾಕು. ಅದಕ್ಕಿಂತ ಜಾಸ್ತಿ ಅದರಿಂದ ಕೇಳಬಾರದು, ಅದೂ ಕೊಡುತ್ತೇನೆ ಅಂತ ಹೇಳಿಕೊಂಡಿಲ್ಲ.

ಮ್ಯಾಥ್ ಬ್ಲಾಸ್ಟರ್ ಅನ್ನುವ ಕಂಪ್ಯೂಟರ್ ಆಟಕ್ಕೆ ಬರೋಣ. 1983ರದ್ದು, ಮಾಡಿದವರು ಜ್ಯಾನ್ ಡೇವಿಡ್‌ಸನ್, ಸ್ವತಃ ಟೀಚರ್ ಆಗಿದ್ದ ಹೆಂಗಸು. ಲೆಕ್ಕ ಬರುತ್ತದೆ, ಸರಿ ಉತ್ತರ ಇರುವ ಕಡೆ ಗುರಿ ಇಟ್ಟು ಹೊಡೆಯಬೇಕು. ನಮ್ಮ ಹುಡುಗಿಗೆ ಇದರ ಮುಂದಿನ ಆವೃತ್ತಿಯೊಂದು ಭಾರಿ ಇಷ್ಟವಾಯಿತು, ಊಟಕ್ಕೆ ಕರೆದರೂ ಏಳಲಿಲ್ಲ. ಆದರೆ ಪಕ್ಕದಲ್ಲಿ ಕೂತು ನೋಡಿದರೆ ಗೊತ್ತಾಗುವ ವಿಷಯ ಏನೆಂದರೆ, ಬರುವ ಲೆಕ್ಕಕ್ಕೆ ಅವಳು ಹೊಡೆಯುತ್ತಾಳೆ, ಬರದ ಲೆಕ್ಕಕ್ಕೂ ಹೊಡೆಯುತ್ತಾಳೆ, ಎರಡಕ್ಕೂ ಮುಖದಲ್ಲಿ ಅದೇ ಖುಷಿ. ಗಣಿತ ಅಲ್ಲಿ ಗುಂಡು ಹಾರಿಸುವುದಕ್ಕೆ ಟಿಕೆಟ್ಟು. ಒಂದು ವಿಷಯದಲ್ಲಿ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ: ಟೀಚರ್ ತನಗೆ ಬೇಕಾದ ಲೆಕ್ಕಗಳನ್ನು ತಾನೇ ಸೇರಿಸಬಹುದಿತ್ತು. ಮೊನ್ನೆ ಬಂದ ಆಪ್‌ನವರನ್ನು ಇದೇ ಕೇಳಿದೆ. "ಅದು ಬ್ಯಾಕೆಂಡ್‌ನಲ್ಲಿ ಆಗಬೇಕು ಮೇಡಂ" ಅಂದರು.

ನಂಬರ್ ಮಂಚರ್ಸ್ ಬಗ್ಗೆ ಉದ್ದ ಬರೆಯುತ್ತೇನೆ, ಯಾಕೆಂದರೆ ಅದು ಇನ್ನೂ ಚೆನ್ನಾಗಿದೆ. ಮಾಡಿದ್ದು ಮೆಕ್ ಅನ್ನುವ ಸಂಸ್ಥೆ. ಇದು 1973ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯ ತನ್ನ ಶಾಲೆಗಳಿಗೋಸ್ಕರ ಹುಟ್ಟುಹಾಕಿದ್ದು. ಸದಸ್ಯ ಶಾಲೆಗಳು ಅವರ ಫ್ಲಾಪಿಗಳನ್ನು ತಾವೇ ಕಾಪಿ ಮಾಡಿಕೊಳ್ಳಬಹುದಿತ್ತು, ಅದೂ ಕಾನೂನು ಪ್ರಕಾರ. (ನಮ್ಮಲ್ಲೂ ಕಾಪಿ ಆಗುತ್ತಿತ್ತು, ಕಾನೂನಿನ ಮಾತು ಬೇಡ.)

ಆಟ ಹೀಗಿದೆ. ತೆರೆ ತುಂಬ ಚೌಕಗಳು, ಪ್ರತಿ ಚೌಕದಲ್ಲಿ ಒಂದು ಸಂಖ್ಯೆ. ಒಂದು ಹಸಿರು ಬಾಯಿಬಡುಕ ಪ್ರಾಣಿ ನೀವು. ಮೇಲೆ "6ರ ಅಪವರ್ತ್ಯಗಳು" ಅಂತ ಬರೆದಿದ್ದರೆ 12, 18, 30 ಎಲ್ಲ ತಿನ್ನಬೇಕು, 16ನ್ನು ಬಿಡಬೇಕು. ನಡುವೆ ಟ್ರಾಗಲ್ ಅನ್ನುವ ಭೂತಗಳು ಓಡಾಡುತ್ತವೆ, ಸಿಕ್ಕರೆ ನಿಮ್ಮನ್ನೇ ತಿನ್ನುತ್ತವೆ. ಅಪವರ್ತನ, ಅವಿಭಾಜ್ಯ ಸಂಖ್ಯೆ, ಸಮ ಚಿಹ್ನೆ, ಅಸಮ ಚಿಹ್ನೆ ಅಂತ ಬೇರೆ ಬೇರೆ ಆಟಗಳಿವೆ. 16 ತಿಂದರೆ ಒಂದು ಜೀವ ಹೋಗುತ್ತದೆ, ಜೊತೆಗೆ ತಿಂದಿದ್ದು ಯಾಕೆ ತಪ್ಪು ಅಂತ ಒಂದು ಸಾಲು ಬರುತ್ತದೆ. ಆ ಸಾಲು ಓದಿ ಗುಂಡಿ ಒತ್ತುವ ತನಕ ಆಟ ನಿಂತಿರುತ್ತದೆ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಮಗು ಅಲ್ಲಿ ಒಂದು ಉಸಿರು ನಿಲ್ಲುತ್ತದೆ.

ನನಗೆ ಇದರಲ್ಲಿ ಹಿಡಿಸಿದ್ದು ಎರಡು. ಒಂದು, ಇಲ್ಲಿ ಆಟವೂ ಗಣಿತವೂ ಬೇರೆ ಬೇರೆಯಲ್ಲ. ಯಾವ ಚೌಕಕ್ಕೆ ಹೋಗಬೇಕು ಅಂತ ಯೋಚಿಸುವುದೇ ಲೆಕ್ಕ ಮಾಡುವುದು. ಭೂತ ಬಲಗಡೆಯಿಂದ ಬರುತ್ತಿದೆ, ಎಡಗಡೆ 27 ಇದೆ, 27 ಆರರ ಮಗ್ಗಿಯಲ್ಲಿ ಇಲ್ಲ, ಆದರೂ ಅಲ್ಲಿ ನಿಂತುಕೊಳ್ಳಬಹುದು, ತಿನ್ನದಿದ್ದರೆ ಸಾಕು. ಹೀಗೆ ನಮ್ಮ ಹುಡುಗಿ ಜೋರಾಗಿ ಹೇಳಿಕೊಂಡು ಆಡುತ್ತಿದ್ದಳು. ಎರಡನೆಯದು ಸಮ ಚಿಹ್ನೆಯ ಆಟ. ಮೇಲೆ "8ಕ್ಕೆ ಸಮ" ಅಂತ ಇದ್ದರೆ ಚೌಕಗಳಲ್ಲಿ 4+4, 9−1, 2×4, 5+2 ಇರುತ್ತವೆ. ಸಮ ಚಿಹ್ನೆ ಅಂದರೆ "ಇನ್ನು ಉತ್ತರ ಬರಿ" ಅನ್ನುವ ಅಪ್ಪಣೆ ಅಂತಲೇ ನಮ್ಮ ಅರ್ಧ ಮಕ್ಕಳು ತಿಳಿದಿರುತ್ತಾರೆ. 8 = 9−1 ಅಂತ ಬರೆದರೆ "ಮಿಸ್, ಉಲ್ಟಾ ಬರ್ದಿದೀರ" ಅನ್ನುತ್ತಾರೆ. ಆ ಗಂಟು ಬಿಡಿಸುವುದಕ್ಕೆ ಇದು ಒಳ್ಳೇ ಆಟ. ಅವಿಭಾಜ್ಯದ ಆಟದಲ್ಲಿ ಅವಳು 1ನ್ನು ತಿಂದಳು. ಒಂದು ಜೀವ ಹೋಯಿತು. "ಯಾಕೆ ಚಿಕ್ಕಮ್ಮ, 1 ಯಾವುದರಿಂದಲೂ ಭಾಗ ಆಗಲ್ವಲ್ಲ?" ಅಂತ ಜಗಳಕ್ಕೆ ಬಂದಳು. ಅವಿಭಾಜ್ಯಕ್ಕೆ ಬೇರೆ ಬೇರೆ ಎರಡು ಅಪವರ್ತನ ಬೇಕು, 1ಕ್ಕೆ ಒಂದೇ ಇರುವುದು ಅಂತ ನಾನು ಹೇಳಬೇಕಾಯಿತು. ಆ ಜಗಳ ಬರುವ ಹಾಗೆ ಮಾಡಿದ್ದಕ್ಕೆ ಆಟಕ್ಕೆ ಒಂದು ನಮಸ್ಕಾರ.

ಕೊರತೆ? ಪರದೆಯ ಮಾತೆಲ್ಲ ಇಂಗ್ಲಿಷ್‌ನಲ್ಲಿದೆ. ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಆ ಒಂದು ಸಾಲನ್ನು ಯಾರಾದರೂ ಓದಿ ಹೇಳಬೇಕು, ಇಲ್ಲದಿದ್ದರೆ ಅದರ ದೊಡ್ಡ ಗುಣವೇ ಹೋಯಿತು.

ಈಗ ನಾನು ನೋಡಿದ್ದರಲ್ಲೆಲ್ಲ ಬುದ್ಧಿವಂತ ಸಾಫ್ಟ್‌ವೇರ್. ಹೆಸರು ಡಾರ್ಟ್ಸ್. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಶುರು ಮಾಡಿದ ಪ್ಲೇಟೋ ಅನ್ನುವ ವ್ಯವಸ್ಥೆ ಇತ್ತು. 1970ರ ದಶಕಕ್ಕೆ ಅದರ ಪರದೆಗಳು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದ್ದವು, ಬೆರಳಲ್ಲಿ ಮುಟ್ಟಿದರೂ ಕೆಲಸ ಮಾಡುತ್ತಿದ್ದವು. ಮುಟ್ಟುವ ಪರದೆ, 1970ರ ದಶಕದಲ್ಲಿ! ಆ ಪ್ಲೇಟೋದಲ್ಲಿ ಪ್ರೈಮರಿ ಮಕ್ಕಳ ಭಿನ್ನರಾಶಿಗೆ ಶ್ಯಾರನ್ ಡಗ್‌ಡೇಲ್ ಮತ್ತವರ ಜೊತೆಯವರು ಮಾಡಿದ ಆಟ ಇದು. ಪರದೆಯಲ್ಲಿ ಒಂದು ಸಂಖ್ಯಾರೇಖೆ. ಅದರ ಮೇಲೆ ಅಲ್ಲಲ್ಲಿ ಬಲೂನು. ಬಲೂನು ಯಾವ ಜಾಗದಲ್ಲಿದೆ ಅಂತ ಅಂದಾಜು ಮಾಡಿ ಒಂದು ಭಿನ್ನರಾಶಿ ಟೈಪ್ ಮಾಡಬೇಕು. ಬಾಣ ಹಾರಿ ಹೋಗಿ ನೀವು ಹೇಳಿದ ಜಾಗಕ್ಕೇ ಚುಚ್ಚಿಕೊಳ್ಳುತ್ತದೆ.

ಇಲ್ಲಿ ತಪ್ಪು ಅನ್ನುವ ಪದವೇ ಬೇಕಾಗಿಲ್ಲ ನೋಡಿ. ನೀವು 1/3 ಅಂದಿರಿ, ಬಾಣ ಬಲೂನಿನ ಎಡಕ್ಕೆ ಬಿತ್ತು. ಹಾಗಾದರೆ ಇನ್ನೂ ದೊಡ್ಡದು ಬೇಕು. 1/4 ಹಾಕಿದರೆ? ನಾಲ್ಕು ದೊಡ್ಡದು ಅಂತ 1/4 ಕೊಟ್ಟ ಮಗುವಿನ ಬಾಣ ಇನ್ನೂ ಎಡಕ್ಕೆ ಹೋಗುತ್ತದೆ. ಕೆಳಗಿನ ಸಂಖ್ಯೆ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದು ಅನ್ನುವ ನಂಬಿಕೆ ನಮ್ಮ ಐದನೇ ಕ್ಲಾಸಿನವರಲ್ಲಿ ಎಷ್ಟು ಗಟ್ಟಿ ಅಂತ ಪಾಠ ಮಾಡಿದವರಿಗೆ ಗೊತ್ತು. ನಾನು ಬೋರ್ಡಿನ ಮೇಲೆ ನೂರು ಸಲ ಹೇಳಿದರೂ ಹೋಗುವುದಿಲ್ಲ. ಬಾಣ ಉಲ್ಟಾ ದಿಕ್ಕಿಗೆ ಹೋದರೆ ಹೋಗುತ್ತದೆ. ಪ್ಲೇಟೋ ಇಲ್ಲದಿದ್ದರೇನು, ಇದನ್ನು ಓದಿದ ಮೇಲೆ ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಉದ್ದ ಗೆರೆ ಎಳೆದೆ. ಒಂದು ತುದಿ 0, ಇನ್ನೊಂದು ತುದಿ 2. ಒಬ್ಬ ಎಲ್ಲೋ ಒಂದು ಕಡೆ ನಿಲ್ಲುತ್ತಾನೆ, ಇನ್ನೊಬ್ಬಳು ಸಂಖ್ಯೆ ಹೇಳುತ್ತಾಳೆ, ಮೂರನೆಯವರು ದಾರ ಮಡಚಿ ಅಳೆದು ಆ ಜಾಗಕ್ಕೆ ಕಲ್ಲು ಇಡುತ್ತಾರೆ. ಖರ್ಚು ಒಂದು ತುಂಡು ಸೀಮೆಸುಣ್ಣ. "ಇಲ್ಲ ಮಿಸ್, ನಂದೇ ಸರಿ ಕಣ್ ಮಿಸ್, ದಾರ ಸಡ್ಲ ಬಿಟ್ಟವ್ಳೆ" ಅನ್ನುವ ವಾದವೆಲ್ಲ ಉಚಿತ.

ಅದೇ ಪ್ಲೇಟೋದಲ್ಲಿ ಇನ್ನೊಂದು ಆಟ ಇತ್ತು, ವೆಸ್ಟ್ ಅಂತ ಕರೆಯುತ್ತಿದ್ದರು. ಹಾವು ಏಣಿಯ ಮೇಲೆ ಕಟ್ಟಿದ್ದು. ಮೂರು ಸಂಖ್ಯೆ ಬೀಳುತ್ತವೆ, ಅವನ್ನು ಕೂಡಿ ಕಳೆದು ಗುಣಿಸಿ ಭಾಗಿಸಿ ಬೇಕಾದಷ್ಟು ಮನೆ ನಡೆಯಬೇಕು. ಮಕ್ಕಳು ಒಂದೇ ದಾರಿ ಹಿಡಿದು ಅದನ್ನೇ ಆಡುತ್ತಾರೆ ಅಂತ ರಿಚರ್ಡ್ ಬರ್ಟನ್, ಜಾನ್ ಸೀಲಿ ಬ್ರೌನ್ ಅನ್ನುವವರು ಗಮನಿಸಿದರು. ಬೇರೆ ದಾರಿ ಇದೆ ಅಂತ ಆಗೊಮ್ಮೆ ಈಗೊಮ್ಮೆ ಮಾತ್ರ ಪಿಸುಗುಟ್ಟುವ ಒಂದು ಕಂಪ್ಯೂಟರ್ ಮೇಷ್ಟ್ರನ್ನು ಅದಕ್ಕೆ ಸೇರಿಸಿದರು. ಜಾಸ್ತಿ ಮಾತಾಡದ ಮೇಷ್ಟ್ರು. ಕಂಪ್ಯೂಟರ್‌ನಲ್ಲೂ ಅಪರೂಪ, ಸ್ಟಾಫ್ ರೂಮಿನಲ್ಲೂ ಅಪರೂಪ.

ಇದೇ ಇಬ್ಬರ ಇನ್ನೊಂದು ಕೆಲಸ ನನ್ನ ತಲೆ ಹೊಕ್ಕು ಕೂತಿದೆ. ಬಗ್ಗಿ ಅಂತ ಅದರ ಹೆಸರು, 1970ರ ದಶಕದ್ದು. ಇದು ಮಕ್ಕಳಿಗಲ್ಲ, ಟೀಚರ್ ಆಗುವವರಿಗೆ. ಇಲ್ಲಿ ಕಂಪ್ಯೂಟರ್ ತಪ್ಪು ಮಾಡುವ ಮಗುವಿನ ಪಾತ್ರ ವಹಿಸುತ್ತದೆ. ಕಳೆಯುವ ಲೆಕ್ಕ ಕೊಟ್ಟರೆ ಒಂದೇ ಥರದ ತಪ್ಪನ್ನು ಮತ್ತೆ ಮತ್ತೆ ಮಾಡುತ್ತದೆ. ಅದರ ತಲೆಯಲ್ಲಿ ಏನಿದೆ ಅಂತ ಟೀಚರ್ ಕಂಡುಹಿಡಿಯಬೇಕು, ಬೇರೆ ಲೆಕ್ಕ ಕೊಟ್ಟು ತನ್ನ ಊಹೆ ಸರಿಯಾ ಅಂತ ಪರೀಕ್ಷೆ ಮಾಡಬೇಕು. ಸಾವಿರಕ್ಕೂ ಜಾಸ್ತಿ ಮಕ್ಕಳ ಉತ್ತರಗಳನ್ನು ಜಾಲಾಡಿ, ಕಳೆಯುವುದರಲ್ಲಿ ಮಕ್ಕಳು ಮಾಡುವ ತಪ್ಪುಗಳಿಗೆ ಬಹಳಷ್ಟು ಸಲ ಒಂದು ಕ್ರಮ ಇರುತ್ತದೆ ಅಂತ ಇವರು 1978ರ ಪ್ರಬಂಧದಲ್ಲಿ ತೋರಿಸಿದರು.

ಮಂಡ್ಯದ ಯಾವ ಶಾಲೆಗೆ ಬೇಕಾದರೂ ಹೋಗಿ ಬೋರ್ಡಿನ ಮೇಲೆ 52 − 27 ಬರೆಯಿರಿ. ಕೆಲವರು 35 ಅನ್ನುತ್ತಾರೆ. ಕೇಳಿದರೆ ಕಾರಣ ಬರುತ್ತದೆ: "ಎರಡ್ರಲ್ಲಿ ಏಳು ಹೋಗಲ್ಲ ಮಿಸ್, ಅದ್ಕೆ ಏಳ್ರಲ್ಲಿ ಎರಡು ಕಳ್ದೆ." ಆ ಮಗುವಿಗೆ ಗಮನ ಕಮ್ಮಿಯಿಲ್ಲ. ಒಂದು ನಿಯಮ ಇದೆ, ಅದನ್ನು ನಿಯತ್ತಾಗಿ ಪಾಲಿಸುತ್ತಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ನಾವೇ ಒಂದನೇ ಕ್ಲಾಸಿನಲ್ಲಿ ಹೇಳಿರುತ್ತೇವಲ್ಲ. ಇನ್ನೊಂದು, 503 − 186. ಸರಿ ಉತ್ತರ 317. ಆದರೆ 417 ಬರೆಯುವ ಮಕ್ಕಳಿದ್ದಾರೆ. ಸೊನ್ನೆಯಿಂದ ಸಾಲ ತಗೊಂಡು ಅದನ್ನು 9 ಮಾಡುತ್ತಾರೆ, ಆದರೆ ಸೊನ್ನೆ ತಾನೂ ಪಕ್ಕದ 5ರ ಹತ್ತಿರ ಸಾಲ ಮಾಡಬೇಕಿತ್ತು ಅನ್ನುವುದನ್ನು ಬಿಟ್ಟುಬಿಡುತ್ತಾರೆ. 35ಕ್ಕೂ 417ಕ್ಕೂ ಬೇರೆ ಬೇರೆ ಔಷಧ ಬೇಕು. "ಮತ್ತೆ ಪ್ರಯತ್ನಿಸಿ" ಅಂದರೆ ಈ ಮಕ್ಕಳು ಮತ್ತೆ ಪ್ರಯತ್ನಿಸಿ ಮತ್ತೆ ಅದನ್ನೇ ಬರೆಯುತ್ತಾರೆ. ಬರೆಯಲೇಬೇಕು, ಅವರ ನಿಯಮ ಬದಲಾಗಿಲ್ಲವಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವವರ ಜೊತೆ ನಾನು ಬಗ್ಗಿ ಆಟವನ್ನು ಕಂಪ್ಯೂಟರ್ ಇಲ್ಲದೆ ಆಡಿಸುತ್ತೇನೆ. ಒಬ್ಬರು ಮಗುವಿನ ಪಾತ್ರ, ತಲೆಯಲ್ಲಿ ಒಂದು ತಪ್ಪು ನಿಯಮ ಇಟ್ಟುಕೊಂಡು ಉತ್ತರ ಹೇಳಬೇಕು. ಉಳಿದವರು ಪತ್ತೇದಾರರು. ಮೊದಲ ಸಲ ಆಡಿದವರು "ಅಯ್ಯೋ, ಇದು ನಮ್ಮ ಕ್ಲಾಸಿನ ಇಂಥವನೇ" ಅನ್ನದೆ ಇದ್ದಿದ್ದೇ ಇಲ್ಲ. 1970ರ ದಶಕದಲ್ಲೇ ಹೀಗೆ ಯೋಚಿಸಿದ್ದವರು ಇದ್ದರು, ಐವತ್ತು ವರ್ಷ ಕಳೆದ ಮೇಲೆ ನಮಗೆ ಮಾರುತ್ತಿರುವುದು ಮಾತ್ರ ಕೋತಿ ಬೀಳುವ ಸೀಡಿಯ ಮೊಮ್ಮಕ್ಕಳನ್ನು. ಇದಕ್ಕೆ ಸಿಟ್ಟು ಬರುತ್ತದೆ ನನಗೆ.

ಲೋಗೋ ಗೊತ್ತಿಲ್ಲದವರು ಮೈಸೂರಿನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಲ್ಲಿ ಕಮ್ಮಿ. 1967ರಲ್ಲಿ ವಾಲಿ ಫೋಯರ್‌ಝೈಗ್, ಸೆಮೋರ್ ಪೇಪರ್ಟ್, ಸಿಂಥಿಯಾ ಸಾಲಮನ್ ಸೇರಿ ಮಾಡಿದ ಕಂಪ್ಯೂಟರ್ ಭಾಷೆ ಅದು. ಮೊದಲು ನೆಲದ ಮೇಲೆ ಓಡಾಡುವ ನಿಜವಾದ ಯಂತ್ರದ ಆಮೆ ಇತ್ತು, ಆಮೇಲೆ ಪರದೆಗೆ ಬಂತು. ನಮ್ಮ ಪಾಲಿಗೆ ಬಂದಿದ್ದು ತ್ರಿಕೋನದ ಆಮೆ. ಎಫ್‌ಡಿ 100 ಅಂದರೆ ನೂರು ಹೆಜ್ಜೆ ಮುಂದೆ, ಆರ್‌ಟಿ 90 ಅಂದರೆ ಬಲಕ್ಕೆ 90 ಡಿಗ್ರಿ ತಿರುಗು. ನಾಲ್ಕು ಸಲ ಮಾಡಿದರೆ ಚೌಕ.

ಈಗ ಮೂರು ಬದಿ ಸಮ ಇರುವ ತ್ರಿಭುಜ ಬರೆಸಿ ನೋಡಿ. ಒಳಗಿನ ಕೋನ 60 ಅಂತ ಪುಸ್ತಕದಲ್ಲಿ ಓದಿದ ಮಗು ಆರ್‌ಟಿ 60 ಕೊಡುತ್ತದೆ. ಮೂರು ಸಲ ಆದರೂ ಗೆರೆ ಕೂಡಿಕೊಳ್ಳುವುದಿಲ್ಲ, ಅರ್ಧ ಬಟ್ಟಲಿನ ಹಾಗೆ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಆಮೆ "ತಪ್ಪು" ಅನ್ನುವುದಿಲ್ಲ. ಹೇಳಿದ್ದನ್ನು ಮಾಡಿ ಸುಮ್ನೆ ನಿಂತಿರುತ್ತದೆ. ಹಠ ಹಿಡಿದ ಮಗು ಇನ್ನೂ ಮೂರು ಸಲ ಒತ್ತಿದರೆ ಷಟ್ಕೋನ ಬರುತ್ತದೆ! ತ್ರಿಭುಜ ಹುಡುಕಲು ಹೋಗಿ ಷಟ್ಕೋನ ಸಿಕ್ಕಿತು. ಆಗ ಆ ಮಗುವನ್ನು ಎಬ್ಬಿಸಿ ನೆಲದ ಮೇಲೆ ನಡೆಸಬೇಕು. ತಿರುಗುವಾಗ ಮೈ ಎಷ್ಟು ತಿರುಗಿತು ಅಂತ ಅದೇ ನೋಡಿಕೊಳ್ಳುತ್ತದೆ, 120 ಅಂತ ಅದೇ ಹೇಳುತ್ತದೆ. ಸುತ್ತು ಮುಗಿಸಿ ಮೊದಲಿನ ದಿಕ್ಕಿಗೇ ಬರಬೇಕಾದರೆ ಒಟ್ಟು 360 ತಿರುಗಬೇಕು ಅನ್ನುವುದು ಹೊಳೆದ ಮೇಲೆ ಐದು ಬದಿಗೆ 72, ಎಂಟು ಬದಿಗೆ 45 ಅಂತ ತಡೆಯುವವರೇ ಇಲ್ಲ.

ಆದರೆ ನಮ್ಮ ಶಾಲೆಗಳಲ್ಲಿ ಲೋಗೋ ಹೋಗಿ ಸೇರಿದ್ದು ಗಣಿತದ ಪೀರಿಯಡ್‌ಗಲ್ಲ, ಕಂಪ್ಯೂಟರ್ ಪೀರಿಯಡ್‌ಗೆ. ಅಲ್ಲಿ ಅದಕ್ಕೊಂದು ಪುಸ್ತಕ, ಆ ಪುಸ್ತಕಕ್ಕೊಂದು ಪರೀಕ್ಷೆ. "ಎಫ್‌ಡಿಯ ಪೂರ್ಣ ರೂಪ ಬರೆಯಿರಿ, 1 ಅಂಕ." "ಬಿಟ್ಟ ಸ್ಥಳ ತುಂಬಿ: ಆಮೆಯನ್ನು ಮರೆಮಾಡಲು ____." ಗಣಿತದ ಮೇಡಂಗೆ ಪಕ್ಕದ ರೂಮಿನಲ್ಲಿ ಕೋನಗಳ ಬಗ್ಗೆ ಇಂಥದ್ದೊಂದು ನಿಧಿ ಇದೆ ಅಂತಲೇ ಗೊತ್ತಿರುತ್ತಿರಲಿಲ್ಲ. ನನ್ನ ಓರಗೆಯ ಎಷ್ಟೋ ಜನಕ್ಕೆ ಲೋಗೋ ಅಂದರೆ ನೆನಪಿರುವುದು ಆ ಪೂರ್ಣ ರೂಪಗಳು ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೆ, ಕಂಪ್ಯೂಟರ್‌ನಿಂದ ಉಪಯೋಗ ಆಗುತ್ತದಾ ಅಂತ ಕೇಳುತ್ತೀರಿ. ಆಗುತ್ತದೆ, ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ. ಗುಜರಾತಿನ ವಡೋದರದ ನಗರಪಾಲಿಕೆ ಶಾಲೆಗಳಲ್ಲಿ ನಾಲ್ಕನೇ ಕ್ಲಾಸಿನವರಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿಸಿದರು, ಒಂದು ಕಂಪ್ಯೂಟರ್‌ಗೆ ಇಬ್ಬರು ಮಕ್ಕಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಗಣಿತದ ಅಂಕ ಮೊದಲ ವರ್ಷ 0.35, ಎರಡನೇ ವರ್ಷ 0.47 ಸ್ಟ್ಯಾಂಡರ್ಡ್ ಡಿವಿಯೇಷನ್ (ಮಕ್ಕಳ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ) ಏರಿತು. ಶಾಲೆಯ ಲೆಕ್ಕದಲ್ಲಿ ಇದು ದೊಡ್ಡ ಏರಿಕೆಯೇ. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷ ಆಗುವಷ್ಟರಲ್ಲಿ ಬಹಳಷ್ಟು ಕರಗಿಹೋಗಿತ್ತು. ಅವರಲ್ಲೇ ಒಬ್ಬರಾದ ಲೀ ಲಿಂಡನ್ ಗುಜರಾತಿನ ಇನ್ನೊಂದು ಕಡೆ ನೋಡಿದಾಗ, ಟೀಚರ್ ಪಾಠದ ಸಮಯ ಕಿತ್ತು ಕಂಪ್ಯೂಟರ್‌ಗೆ ಕೊಟ್ಟ ಕಡೆ ಮಕ್ಕಳು ಹಿಂದೆ ಬಿದ್ದರು, ಶಾಲೆಯ ಹೊತ್ತಿನ ಹೊರಗೆ ಹೆಚ್ಚಿಗೆ ಕೊಟ್ಟ ಕಡೆ ಮುಂದೆ ಹೋದರು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2000ದ ದಶಕದಲ್ಲಿ ಕಂಪ್ಯೂಟರ್ ನೆರವಿನ ಕಲಿಕೆ ನಡೆಸಿದ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕೆಯ ಅಂಕಣದಲ್ಲಿ ತಂತ್ರಜ್ಞಾನದ ಮಿತಿಗಳನ್ನು ಬಿಚ್ಚಿ ಬರೆದರು. ಕೈ ಹಾಕಿದವರೇ ಹಾಗೆ ಬರೆಯುವುದು ನಮ್ಮಲ್ಲಿ ತೀರಾ ಅಪರೂಪ.

ಇನ್ನೊಂದು ಮಾತು. ಮಗು ತನ್ನ ವೇಗದಲ್ಲಿ ಕಲಿಯಬೇಕು ಅನ್ನುವುದಕ್ಕೆ ಕಂಪ್ಯೂಟರ್ ಬೇಕೇಬೇಕು ಅಂತೇನಿಲ್ಲ. 1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲೇ ನಲಿ-ಕಲಿ ಶುರುವಾಯಿತಲ್ಲ, ಅಲ್ಲಿ ಕಾರ್ಡುಗಳು, ಕಲಿಕಾ ಏಣಿ, ಗುಂಪುಗಳು. ಮಗು ತಾನಿರುವ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಅಲ್ಲಿ ಟೀಚರ್ ನೆಲದ ಮೇಲೆ ಮಗುವಿನ ಪಕ್ಕದಲ್ಲಿ ಕೂರುತ್ತಾರೆ, ಅದು ಅದರ ಜೀವ. ಅದಿಲ್ಲದೆ ಬರೀ ಕಾರ್ಡು, ಬರೀ ಟೆಸ್ಟು ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ 1973ರಲ್ಲಿ ಎರ್ಲ್‌ವಾಂಗರ್ ಅನ್ನುವವರು ಬರೆದ ಬೆನ್ನಿ ಅನ್ನುವ ಹುಡುಗನ ಕಥೆ ಇದೆ. ತಾನೇ ಓದಿ ಟೆಸ್ಟು ಪಾಸಾಗುತ್ತಾ ಹೋಗುವ ಪದ್ಧತಿಯಲ್ಲಿ ಅವನು ಜಾಣ ಅಂತಲೇ ಹೆಸರಾಗಿದ್ದ. ಮಾತಾಡಿಸಿ ನೋಡಿದರೆ 2/10ನ್ನು 1.2 ಅನ್ನುತ್ತಿದ್ದ, 5/10ನ್ನು 1.5 ಅನ್ನುತ್ತಿದ್ದ. ಮೇಲಿನದೂ ಕೆಳಗಿನದೂ ಕೂಡಿ ಎಲ್ಲೋ ಒಂದು ಚುಕ್ಕಿ ಇಡುವುದು ಅವನ ನಿಯಮ. ಪಾಸಾಗುತ್ತಿದ್ದ, ಹಾಗಾಗಿ ಯಾರೂ ಮಾತಾಡಿಸಿರಲಿಲ್ಲ.

ಇವತ್ತಿಗೆ ಏನು ಬಳಸಬಹುದು ಅಂತ ಕೇಳುವವರಿಗೆ: ಭಿನ್ನರಾಶಿಗೆ ಜಗಲಿ, ಸೀಮೆಸುಣ್ಣ, ದಾರ. ಕೋನಕ್ಕೆ ಲೋಗೋ, ವಿಂಡೋಸ್‌ಗೆ ಎಂಎಸ್‌ಡಬ್ಲ್ಯೂ ಲೋಗೋ ಉಚಿತ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಹಾಕಿಕೊಂಡರೆ ಅದರೊಳಗೂ ಒಂದು ಆಮೆ ಇದೆ. ಮಗ್ಗಿ ಗಟ್ಟಿ ಮಾಡುವುದಕ್ಕೆ ಟಕ್ಸ್‌ಮ್ಯಾಥ್, ಅದೂ ಉಚಿತ. ಆಕಾಶದಿಂದ ಲೆಕ್ಕ ಹೊತ್ತ ಧೂಮಕೇತು ಬೀಳುತ್ತದೆ, ಉತ್ತರ ಟೈಪ್ ಮಾಡಿ ಎಂಟರ್ ಒತ್ತಬೇಕು. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ತಂಟೆ ಇಲ್ಲ, ಹಾಗಾಗಿ ಊಹೆ ನಡೆಯುವುದಿಲ್ಲ, ತಪ್ಪಿಸಿಕೊಂಡ ಲೆಕ್ಕ ಮತ್ತೆ ಬರುವ ಹಾಗೆಯೂ ಇಡಬಹುದು. ಯಾಕೆ ತಪ್ಪು ಅಂತ ಇದು ಹೇಳುವುದಿಲ್ಲ, ಅದಕ್ಕೆ ಈಗಾಗಲೇ ಅರ್ಥವಾದ ಲೆಕ್ಕಗಳಿಗೆ ಮಾತ್ರ ಕೊಡಿ. ವೇಗ ಕಮ್ಮಿ ಇಟ್ಟು ಶುರು ಮಾಡಿ, ಇಲ್ಲದಿದ್ದರೆ ನಿಧಾನದ ಮಕ್ಕಳು ಅಳುತ್ತಾರೆ.

ನಂಬರ್ ಮಂಚರ್ಸ್ ಆಡುವುದಾದರೆ ಕೀಬೋರ್ಡ್ ಇರುವ ಕಂಪ್ಯೂಟರ್‌ನಲ್ಲೇ ಆಡಿಸಿ. ಮೊಬೈಲ್‌ನಲ್ಲಿ ಆ ಪ್ರಾಣಿಯನ್ನು ನಡೆಸುವುದು ಬರೀ ಪರದಾಟ. ಇಬ್ಬರು ಮಕ್ಕಳನ್ನು ಜೊತೆಗೆ ಕೂರಿಸಿ, ಒಬ್ಬರು ಬಾಣದ ಗುಂಡಿ, ಒಬ್ಬರು ತಿನ್ನುವ ಗುಂಡಿ. ತಿನ್ನೋದಾ ಬೇಡ್ವಾ ಅಂತ ಇಬ್ಬರೂ ಒಪ್ಪಬೇಕು ಅಂತ ನಿಯಮ ಇಡಿ. ಶಬ್ದ ಮಾತ್ರ ಮೊದಲೇ ಆಫ್ ಮಾಡಿಬಿಡಿ, ಆ ಹಳೇ ಸ್ಪೀಕರಿನ ಕೀಂ ಕೀಂ ಐದು ನಿಮಿಷಕ್ಕೇ ತಲೆ ತಿನ್ನುತ್ತದೆ.